ಗಾಳಿ ಬೆನ್ನಿಗಿದ್ದ ದಿನ

ವಿಮಾನದ ಚಕ್ರಗಳು ವೆಸ್ಟ್ರೇ ದ್ವೀಪದ ನೆಲ ಬಿಟ್ಟದ್ದೇ ತಡ, ಥೋರಾ ಕೇಳಿಯೇಬಿಟ್ಟಳು. "ಎರ್ಲೆಂಡ್, ನನ್ನ ಮದುವೆ ಆಗ್ತೀಯಾ? ಪಾಪಾ ವೆಸ್ಟ್ರೇ ದ್ವೀಪದಲ್ಲಿ ಇಳಿಯೋದ್ರೊಳಗೆ ಹೇಳ್ಬೇಕು. ಆಮೇಲೆ ನಾನು ಕೇಳಲ್ಲ."

ಎರಡು ನಿಲ್ದಾಣಗಳ ನಡುವೆ ಇರುವುದು ಎರಡು ಮೈಲಿಯೂ ಇಲ್ಲದ ಕಡಲು, ಎರಡೇ ನಿಮಿಷದ ಹಾರಾಟ. ಚಹಾ ಬೇಕೇ ಎಂದರೆ ಅದು ಆರುವವರೆಗೆ ಯೋಚಿಸುವ ಈ ಕುರಿ ಸಾಕುವವನು ಎದ್ದುಹೋಗದಿರಲೆಂದೇ ಅವಳು ಈ ಪುಟ್ಟ ವಿಮಾನ ಆರಿಸಿದ್ದಳು. ಗಾಳಿ ಬೆನ್ನಿಗಿದ್ದರೆ ಅದೂ ಬೇಗ ಮುಗಿಯುತ್ತದೆಂಬುದನ್ನು ಮಾತ್ರ ಮರೆತಿದ್ದಳು.

ಎರ್ಲೆಂಡ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ತುಟಿ ತೆರೆದು ಎದೆ ತುಂಬ ಉಸಿರೆಳೆದುಕೊಂಡ. ಇನ್ನೇನು ಮಾತು ಬರುತ್ತದೆಂದು ಥೋರಾ ಕಾದಳು. ಬರಲಿಲ್ಲ. ಅವಳಿಗೆ ಎಂಜಿನ್ನಿನ ಮೊರೆತವೊಂದೇ ಕೇಳುತ್ತಿತ್ತು. ಮುಂದಿನಿಂದ ಪೈಲಟ್ ಇಸ್ಬೆಲ್ ಕೂಗಿದಳು, "ಬೇಗ ಹೇಳೋ ಮಾರಾಯ, ರನ್‌ವೇ ಬಂತು. ನಿಂಗೋಸ್ಕರ ಇನ್ನೊಂದು ಸುತ್ತು ಹೊಡೆಯಕ್ಕಾಗಲ್ಲ."

ಚಕ್ರಗಳು ನೆಲ ಮುಟ್ಟಿದವು. ಎಂಜಿನ್ ನಿಂತಿತು. ಥೋರಾ ಬೆಲ್ಟು ಬಿಚ್ಚಿದಳು. "ಸರಿ ಬಿಡು, ತಿಳೀತು."

"ಏನ್ ತಿಳೀತು? ಆಗ್ಲೇ ಹೇಳಿದ್ನಲ್ಲ."

"ಯಾವಾಗ?"

"ನೀನು ಕೇಳಿದ ತಕ್ಷಣ."

ಥೋರಾ ತಿರುಗಿ ನೋಡಿದಳು. ಅವನು ಅದನ್ನೇ ಮತ್ತೊಮ್ಮೆ ಹೇಳಿದ, ಆ ದ್ವೀಪಗಳ ಹಿರಿಯರು ಒಪ್ಪಿಗೆ ಕೊಡುವ ರೀತಿಯಲ್ಲೇ, ಉಸಿರನ್ನು ಹೊರಗೆ ಬಿಡದೆ ಒಳಕ್ಕೆಳೆದುಕೊಳ್ಳುತ್ತ: "ಹೂಂ." ಸದ್ದಡಗಿದ ವಿಮಾನದಲ್ಲಿ ಅದು ಪ್ರಾರ್ಥನೆಯ ಕೊನೆಯ ಮಾತಿನಷ್ಟು ಸ್ಪಷ್ಟವಾಗಿ ಕೇಳಿಸಿತು.