ತೃಪ್ತಿಕರವಾದ ಲಿಫ್ಟು

"ಕೆಟ್ಟಿದೆ ಅಂತ ಬರೆದುಕೊಟ್ಟಿದ್ನಲ್ಲೇ, ಇದೇನು ತೃಪ್ತಿಕರ ಅಂತ ಬಂದಿದೆ?"

ಆರನೇ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ ಲಿಫ್ಟ್ ಮೆಕ್ಯಾನಿಕ್ ವಾರದ ವರದಿಯನ್ನು ಮಗಳ ಮುಂದೆ ಹಿಡಿದ. ಸೋಮವಾರ ಅವನು ಚಾವಣಿಯ ಮೋಟಾರು ಕೋಣೆಗೆ ಹೋಗಿ ಟಾರ್ಚು ಬಿಟ್ಟು ನೋಡಿದಾಗ, ಲಿಫ್ಟನ್ನು ಎತ್ತುವ ನಾಲ್ಕು ಉಕ್ಕಿನ ಹಗ್ಗಗಳಲ್ಲಿ ಎರಡರ ಎಳೆಗಳು ಕಿತ್ತು ಮುಳ್ಳಿನ ಹಾಗೆ ಎದ್ದು ನಿಂತಿದ್ದವು. ಒರೆಸಲು ಹೋದರೆ ಬಟ್ಟೆಯೇ ಸಿಕ್ಕಿಕೊಂಡು ಹರಿಯಿತು. ಲಿಫ್ಟ್ ನಿಲ್ಲಿಸುವ ಅಧಿಕಾರ ಅವನಿಗಿಲ್ಲ, ಅದು ಆಡಳಿತ ವ್ಯವಸ್ಥಾಪಕರದು. ಹಾಗಾಗಿ 'ಹಗ್ಗ ಬದಲಾಯಿಸುವ ತನಕ ಯಾರೂ ಹತ್ತಕೂಡದು' ಎಂದು ದುಂಡಗೆ ಬರೆದು, ಸಹಿ ಹಾಕಿ ಕೊಟ್ಟಿದ್ದ. ಆ ಚೀಟಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಅವನ ಮಗಳದೇ.

"ನಾನೇನು ಮಾಡ್ಲಿ ಅಪ್ಪಾ? ಇಲ್ನೋಡು, ಇರೋದು ಮೂರೇ ಆಯ್ಕೆ. ಉತ್ತಮ, ತೃಪ್ತಿಕರ, ದುರಸ್ತಿ ಮುಗಿದಿದೆ. ಮೂರರಲ್ಲಿ ಕಡಿಮೆ ಸುಳ್ಳು ಯಾವುದೋ ಅದನ್ನ ಒತ್ತಿದೆ."

"ಮೊದಲು 'ಕೆಟ್ಟಿದೆ' ಅಂತ ಒಂದಿತ್ತಲ್ಲ?"

ಇತ್ತು. ಹೋದ ವರ್ಷ ಈಗಿನ ವ್ಯವಸ್ಥಾಪಕರು ಬಂದಾಗ ಕಚೇರಿಯಲ್ಲಿ ಕೆಟ್ಟು ಕೂತ ಸಾಮಾನುಗಳು ನಲವತ್ತೊಂದು. ಪುಣ್ಯಾತ್ಮರು ಅದರಲ್ಲಿ ಒಂದನ್ನೂ ರಿಪೇರಿ ಮಾಡಿಸಲಿಲ್ಲ; ಆ ಆಯ್ಕೆಯನ್ನೇ ಕಂಪ್ಯೂಟರಿನಿಂದ ಕೀಳಿಸಿಬಿಟ್ಟರು. ಮರು ತಿಂಗಳು ಕೆಟ್ಟ ಸಾಮಾನು ಸೊನ್ನೆ. ಮಾಹಿತಿ ನಿರ್ವಹಣೆಯಲ್ಲಿ ಅಪೂರ್ವ ಸಾಧನೆ ಎಂದು ಅವರಿಗೆ ಗಾಜಿನ ಫಲಕ ಬಂತು. ಅದು ಈಗಲೂ ಅವರ ಮೇಜಿನ ಮೇಲಿದೆ, ಮೇಜಿನ ಒಂದು ಕಾಲು ಮುರಿದಿರುವುದರಿಂದ ತುಸು ವಾಲಿಕೊಂಡು.

"ನೀನಂತೂ ಇನ್ಮೇಲೆ ಲಿಫ್ಟ್ ಹತ್ಬೇಡ," ಎಂದ.

"ಏಳು ತಿಂಗಳ ಹೊಟ್ಟೆ ಹೊತ್ಕೊಂಡು ಆರು ಮಹಡಿ ಹೇಗಪ್ಪಾ ಹತ್ತಲಿ?"

ವರದಿ ಬಂದ ಮೇಲೆ ಲಿಫ್ಟ್ ನಿಲ್ಲಿಸುತ್ತಾರೆಂದು ಅವನು ಕಾದ ಈ ವಾರವಿಡೀ ಅವಳು ಅದೇ ಹಗ್ಗಗಳನ್ನು ನಂಬಿ ಮೇಲೆ ಬಂದಿದ್ದಾಳೆ. ದಡದಡ ಮೆಟ್ಟಿಲಿಳಿದು ಎರಡನೇ ಮಹಡಿಯ ವ್ಯವಸ್ಥಾಪಕರ ಕೋಣೆಗೆ ನುಗ್ಗಿದ.

ಅವರು ಸಮಾಧಾನವಾಗಿ ಎಲ್ಲವನ್ನೂ ಕೇಳಿಸಿಕೊಂಡರು. "ನೀವು ಹೇಳ್ತಿರೋದು ಬರೀ ಬಾಯಿಮಾತು. ನಾನು ಕ್ರಮ ತಗೊಳ್ಳೋದು ವರದಿ ನೋಡ್ಕೊಂಡು. ವರದೀಲಿ ಏನಿದೆ?"

"ತೃಪ್ತಿಕರ ಅಂತಿದೆ ಸಾರ್."

"ತೃಪ್ತಿಕರವಾಗಿರೋ ಲಿಫ್ಟಿಗೆ ಹೊಸ ಹಗ್ಗ ಕೇಳಿದ್ರೆ ಮೇಲಿನವರು ನನ್ನ ಮುಖಕ್ಕೆ ಉಗೀತಾರೆ."

"ಹಾಗಾದ್ರೆ ಕೆಟ್ಟಿದೆ ಅಂತ ಹಾಕ್ಸಿ ಸಾರ್."

"ಎಲ್ಲಿ ಹಾಕ್ಸೋದ್ರೀ? ಆ ಆಯ್ಕೆನೇ ಇಲ್ವಲ್ಲ!" ಅದನ್ನು ಕೀಳಿಸಿದವರು ಇನ್ಯಾರೋ ಎಂಬಂತೆ ಅವರು ಕೈಚೆಲ್ಲಿದರು.

"ಹಗ್ಗ ಕಿತ್ಕೊಂಡು ಲಿಫ್ಟ್ ಬಿದ್ರೆ?"

"ಬಿದ್ರೆ ಅದು ಅಪಘಾತ. ಅದಕ್ಕೆ ಬೇರೆ ಫಾರಂ ಇದೆ. ಬಿದ್ದಾಗ ಬನ್ನಿ."

ಸಂಜೆ ಎಲ್ಲರೂ ಹೋದ ಮೇಲೆ ಮೆಕ್ಯಾನಿಕ್ ಲಿಫ್ಟನ್ನು ಆರನೇ ಮಹಡಿಗೆ ತಂದು ನಿಲ್ಲಿಸಿ, ಬಾಗಿಲ ಪಕ್ಕದ ಸ್ವಿಚ್ಚು ಆರಿಸಿ, ಅದರ ಪೆಟ್ಟಿಗೆಗೆ ಬೀಗ ಜಡಿದು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡ. ಮಾರನೆಯ ಬೆಳಿಗ್ಗೆ ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಮಗಳ ಚೀಲ ಹಿಡಿದು, ಮಹಡಿಗೊಮ್ಮೆ ಅವಳನ್ನು ಕೂರಿಸಿ ನೀರು ಕುಡಿಸುತ್ತ ಮೇಲೆ ಕರೆದುಕೊಂಡು ಹೋದ. ಪಕ್ಕದಲ್ಲಿ ಹತ್ತುತ್ತಿದ್ದ ಗುಮಾಸ್ತರೆಲ್ಲ ಅವನಿಗೆ ಹಿಡಿಶಾಪ ಹಾಕಿದರು. ಅವಳು ತಲೆ ತಗ್ಗಿಸಿದಳು; ಅವನು ತಗ್ಗಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೋಟಿಸು ಸಿದ್ಧವಾಯಿತು. ಅಷ್ಟು ಎತ್ತರಕ್ಕೆ ಹತ್ತಿ ಅದನ್ನು ಕೊಡಲು ಜವಾನ ಖಡಾಖಂಡಿತವಾಗಿ ಒಲ್ಲೆನೆಂದ. ಕೊನೆಗೆ ವ್ಯವಸ್ಥಾಪಕರೇ ಏದುಸಿರು ಬಿಡುತ್ತ ಆರನೇ ಮಹಡಿಗೆ ಬಂದರು. ಮೆಕ್ಯಾನಿಕ್ ಲಿಫ್ಟಿನ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ. ಮಗಳು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಳು.

"'ಸುಸ್ಥಿತಿಯಲ್ಲಿರುವ ಲಿಫ್ಟನ್ನು ಅಪ್ಪಣೆಯಿಲ್ಲದೆ ನಿಲ್ಲಿಸಿ ಸಿಬ್ಬಂದಿಗೆ ತೊಂದರೆ ಕೊಟ್ಟಿರುವ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?'" ಅವರು ಓದಿ ಮುಗಿಸಿ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಸಹಿ ಹಾಕಿ ತಗೊಳ್ಳಿ. ಲಿಫ್ಟ್ ಶುರು ಮಾಡಿ, ಇಲ್ಲಾ ಸಾಮಾನು ಕಟ್ಕೊಂಡು ಮನೆಗೆ ಹೋಗಿ."

ಮೆಕ್ಯಾನಿಕ್ ಎದ್ದು ಪೆಟ್ಟಿಗೆಯ ಬೀಗ ತೆಗೆದು ಸ್ವಿಚ್ಚು ಒತ್ತಿದ. ದೀಪ ಹೊತ್ತಿಕೊಂಡು ಬಾಗಿಲು ಎರಡೂ ಕಡೆಗೆ ಸರಿಯಿತು. ಒಳಗಿನ ಕನ್ನಡಿಯಲ್ಲಿ ವ್ಯವಸ್ಥಾಪಕರು ಪೂರ್ತಿಯಾಗಿ ಕಾಣುತ್ತಿದ್ದರು, ಕೈಯಲ್ಲಿ ನೋಟಿಸು ಸಮೇತ.

"ಶುರುವಾಯ್ತು ಸಾರ್. ಹತ್ತಿ ಹತ್ತಿ ಸುಸ್ತಾಗಿದ್ದೀರಿ, ನೀವೇ ಮೊದಲು ಇಳೀರಿ. ಎರಡನೇ ಮಹಡಿ ತಾನೆ?"

ಅವರು ಒಂದು ಹೆಜ್ಜೆ ಮುಂದಿಟ್ಟರು. ಚಾವಣಿಯ ಕಡೆಯಿಂದ ಸಣ್ಣಗೆ ಕಿರ್ ಎಂದು ಸದ್ದಾಯಿತು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ನೋಟಿಸನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೇ ಇಳಿಸಿದರು.

"ಯಾಕೆ ಸಾರ್? ವರದೀಲಿ ತೃಪ್ತಿಕರ ಅಂತ ಇದೆಯಲ್ಲ."

ವ್ಯವಸ್ಥಾಪಕರು ಆಗಲೇ ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಅದನ್ನ ನಂಬೋಕಾಗುತ್ತೇನ್ರೀ?" ಎಂದರು. "ಬರೆಸಿದೋನೇ ನಾನು."