ಮಾಲ್‌ನಲ್ಲಿ ತೆರೆದ ಮುದ್ದೆ ಡಬ್ಬಿ

ನಮ್ಮ ಮನೆಯ ಮೊದಲ ಡಿಗ್ರಿ ನನ್ನದು, ಓದಿದ್ದು ಹಿಂದೂಪುರದಲ್ಲಿ. ಆದರೂ ಅಲ್ಲಿನ ಹೋಟೆಲಿನಲ್ಲಿ ಬಿಸಿ ಮುದ್ದೆಯ ವಾಸನೆ ಬಂದರೆ ನನಗೆ ಕಾಲೇಜಲ್ಲ, ದುಬೈ ನೆನಪಾಗುತ್ತದೆ.

ಅಪ್ಪ ದುಬೈನಲ್ಲಿ ಕ್ರೇನ್ ಓಡಿಸುತ್ತಿದ್ದರು, ನಾವೂ ಜೊತೆಗಿದ್ದೆವು. ಬೇಸಿಗೆಯ ರಜೆಗಳಲ್ಲಿ ಅಪ್ಪನ ಸ್ನೇಹಿತರ ಮನೆಯವರೆಲ್ಲ ಸೇರಿ ತಣ್ಣನೆಯ ಮಾಲ್‌ಗೆ ಹೋಗುತ್ತಿದ್ದೆವು. ಕರೆಯುತ್ತಿದ್ದವರು ಅಪ್ಪನ ಮೇಲಧಿಕಾರಿಯ ಹೆಂಡತಿ. ತಾವು ಬೆಂಗಳೂರಿನವರೆಂದು ಹೇಳಿಕೊಂಡು ಇಂಗ್ಲಿಷನ್ನೋ ಪೇಟೆಯ ಕನ್ನಡವನ್ನೋ ಮಾತ್ರ ಆಡುತ್ತಿದ್ದ ಆಂಟಿ.

ಆ ಮಧ್ಯಾಹ್ನ ಅಮ್ಮ ಮುದ್ದೆಯ ಡಬ್ಬಿ ತೆರೆದಳು. ಆಂಟಿ ಮೂಗು ಮುಚ್ಚಿಕೊಂಡರು. “ಛೀ! ಕೂಲಿಯವರ ಊಟ ಇಲ್ಲೂ ಬೇಕಾ?”

“ಮುಚ್ಚೇ, ಸಾರ್ ಹೆಂಡ್ತಿ. ನನ್ ಕೆಲಸ ಹೋಯ್ತದೆ,” ಅಪ್ಪ ಪಿಸುಗುಟ್ಟಿದರು.

“ಕೂಲಿ ಮಾಡೇ ಬಂದಿದ್ದೀವಿ ಕಣಮ್ಮ, ಕದ್ದು ಬಂದಿಲ್ಲ,” ಅಂದಳು ಅಮ್ಮ. ಮುಚ್ಚಲಿಲ್ಲ.

ಅಷ್ಟರಲ್ಲಿ ಆಂಟಿಯ ಮಗ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡು ಅಗಿಯತೊಡಗಿದ. ಹಲ್ಲಿಗೆಲ್ಲ ಮೆತ್ತಿಕೊಂಡು ಓಕರಿಸಿದ.

“ಅಗೀಬ್ಯಾಡ ಕಣ್ಲಾ, ನುಂಗ್ಲಾ! ಮುದ್ದೇನ ಯಾರಾನಾ ಅಗೀತಾರಾ?” ಆಂಟಿ ಕಿರುಚಿದರು.

ಅವರ ಬಾಯಲ್ಲಿ ನಮ್ಮ ಹಳ್ಳಿ ಮಾತು ಕೇಳಿ ಎಲ್ಲರೂ ಅವರತ್ತ ತಿರುಗಿದರು. ಅಮ್ಮ ಡಬ್ಬಿಯನ್ನು ಅವರ ಮುಂದಕ್ಕೆ ತಳ್ಳಿದಳು. “ಯಾವೂರು ಅಕ್ಕಯ್ಯ ನಿಮ್ದು? ನಮ್ ಕುಂದುರ್ಪಿ ಕಡೇನಾ?”

ಅಪ್ಪನ ಕೆಲಸ ಉಳಿಯಿತು. ನಮ್ಮನ್ನು ಮಾತ್ರ ಮತ್ತೆ ಯಾರೂ ಮಾಲ್‌ಗೆ ಕರೆಯಲಿಲ್ಲ. ರಜೆ ಬಂದರೆ ಅಮ್ಮ ಅಡುಗೆಮನೆಯಲ್ಲಿ ಮುದ್ದೆಕೋಲನ್ನು ಪಾತ್ರೆಯ ತಳ ಕಿತ್ತುಹೋಗುವಂತೆ ತಿರುವುತ್ತಿದ್ದಳು.