ಧಾರೆಯ ಫೋಟೋ

ಫೋಟೋಕ್ಕೆ ಸಿಕ್ಕ ಗಳಿಗೆ ಅದರಲ್ಲಿರುವವರ ನೆನಪಿನಿಂದ ಅಳಿಸಿಹೋಗುತ್ತದೆ. ಅದಕ್ಕೇ ಮದುವೆಗೆ ವಾರವಿರುವಾಗ ಗಂಡು ಹೆಣ್ಣು ಇಬ್ಬರೂ ಸ್ಟುಡಿಯೋಕ್ಕೆ ಬಂದು ಪಟ್ಟಿ ಬರೆಸುತ್ತಾರೆ. ಶಶಿರೇಖಾ, ನಂಜೇಶ್ ಕೂಡ ಬಂದಿದ್ದರು.

"ಆರತಕ್ಷತೆ?" ಫೋಟೋಗ್ರಾಫರ್ ಜವರಪ್ಪ ಕೇಳಿದ.

"ಪೂರ್ತಿ ತೆಗೀರಿ. ನಾಲ್ಕು ಗಂಟೆ ನಿಂತಿದ್ದು ಯಾರಿಗೆ ನೆನಪಿರ್ಬೇಕು?" ಎಂದ ನಂಜೇಶ್.

"ತಾಳಿ ಕಟ್ಟೋದು?"

"ಬೇಡ," ಎಂದರು ಇಬ್ಬರೂ.

"ಧಾರೆ?"

"ತೆಗೀರಿ," ಎಂದಳು ಶಶಿರೇಖಾ. "ನಮ್ಮಪ್ಪ ಅಳ್ತಾರೆ. ಅವರಿಗೆ ಅದು ನೆನಪಿರೋದು ಬೇಡ."

ಜವರಪ್ಪ ಪೆನ್ನು ಕೆಳಗಿಟ್ಟ. "ನೋಡಮ್ಮ, ಹೋದ ತಿಂಗಳು ಒಬ್ರು ಹಂಗೇ ತೆಗೆಸಿದ್ರು. ಮಾರನೇ ದಿನ ಅವರಪ್ಪ ಬೀಗರ ಮನೆ ಬಾಗ್ಲಿಗೆ ಬಂದು, 'ಹೊತ್ತಾಯ್ತು, ಮನೆಗೆ ನಡಿ ಮಗಳೇ' ಅಂದ್ರಂತೆ. ಮದ್ವೆ ಆಗಿದ್ದು ಗೊತ್ತು, ಧಾರೆ ಎರೆದುಕೊಟ್ಟಿದ್ದು ಮಾತ್ರ ನೆನಪಿಲ್ಲ."

"ಹಂಗಾದ್ರೆ ಬೇಡ ಬಿಡಿ," ಎಂದ ನಂಜೇಶ್.

ಶಶಿರೇಖಾ ಗೋಡೆಯ ಮೇಲಿದ್ದ ಯಾರದೋ ಧಾರೆಯ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದಳು.

"ತೆಗೀರಿ, ಬರ್ಕೊಳ್ಳಿ," ಎಂದಳು.

"ನಿಮ್ಮಪ್ಪ ಬಂದು ಕರೆದ್ರೆ ಹೊರಟೇಬಿಡ್ತೀಯಾ?" ನಂಜೇಶ್ ಕೇಳಿದ.

"ಇಲ್ಲ. ಕರೆಯೋಕೆ ಬಂದ್ರೆ ಸಾಕು."